ಕೆಜಿಎಫ್‌ನಿಂದ ದಿನಾ ಹೇಗೆ ಬರ್ತೀರಿ?

ರಾಬರ್ಟ್‌ಸನ್‌ಪೇಟೆಯಿಂದಲೋ ಆಂಡರ್ಸನ್‌ಪೇಟೆಯಿಂದಲೋ ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋಗುವವರು ಮೊದಲು ಸಿದ್ಧಮಾಡಿಕೊಳ್ಳಬೇಕಾದ ಉತ್ತರ ಮೇಲಿನ ಪ್ರಶ್ನೆಯದು. ಗೈಡುಗಳಲ್ಲಿ ಅದು ಸಿಗುವುದಿಲ್ಲ. ‘ಏನೂ ತೊಂದರೆ ಇಲ್ಲ ಸಾರ್, ಬಂದ್ಬಿಡ್ತೀನಿ’ ಎಂದರೆ ಕೇಳಿದವರಿಗೆ ಅನುಮಾನವೇ ಹೆಚ್ಚು. ಮೂರು ತಿಂಗಳಿಗೆ ಬೇಸತ್ತು ಬಿಟ್ಟುಹೋದರೆ ಎಂಬ ಚಿಂತೆ ಅವರದು. ಮಾರಿಕುಪ್ಪಂನಿಂದ ಹೊರಟ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ, ಬೆಮೆಲ್ ನಗರ ದಾಟಿ ಬಂಗಾರಪೇಟೆ ಜಂಕ್ಷನ್ ಸೇರಬೇಕು. ಅಲ್ಲಿಂದ ಬೆಂಗಳೂರು ಇನ್ನೂ ಸುಮಾರು 70 ಕಿ.ಮೀ. ನೀವು ಹತ್ತುವ ರೈಲು ಯಾವುದು, ಇಳಿಯುವುದು ವೈಟ್‌ಫೀಲ್ಡಿನಲ್ಲೋ ಕೆ.ಆರ್. ಪುರದಲ್ಲೋ, ಮುಂದೆ ಮೆಟ್ರೋವೋ ಬಸ್ಸೋ, ರಾತ್ರಿ ಪಾಳಿ ಬಿದ್ದರೆ ಪಿ.ಜಿ. ಹಿಡಿಯುತ್ತೀರೋ ಎಂದು ಲೆಕ್ಕ ಒಪ್ಪಿಸಿ. ಒಂದು ದಿನ ಮೊದಲೇ ಆ ದಾರಿಯಲ್ಲಿ ಹೋಗಿಬಂದಿದ್ದರೆ ಈ ಉತ್ತರವನ್ನು ಉರುಹೊಡೆಯಬೇಕಾಗಿಲ್ಲ.

ಮಿಕ್ಕ ಪ್ರಶ್ನೆಗಳಿಗೂ ದಾರಿ ಇದೇ. ಕೇಳುವವರ ಚಿಂತೆ ಏನೆಂದು ಊಹಿಸಿ, ಅದಕ್ಕೆ ನಿಮ್ಮ ಬದುಕಿನ ಯಾವ ಸಂಗತಿ ಉತ್ತರವಾದೀತು ಎಂದು ಹುಡುಕಿಕೊಳ್ಳಿ.

‘ನಿಮ್ಮ ಬಗ್ಗೆ ಹೇಳಿ’ ಎಂದಾಗ ಹೆಸರು, ತಂದೆಯ ಹೆಸರು, ಹವ್ಯಾಸ ಎಂದು ಶುರುಮಾಡುವವರೇ ಹೆಚ್ಚು. ಅದೆಲ್ಲ ಅವರ ಕೈಯಲ್ಲಿರುವ ಬಯೋಡೇಟಾದಲ್ಲೇ ಇದೆ. ಕಲಿತದ್ದು, ಮಾಡಿದ್ದು, ಈ ಕೆಲಸಕ್ಕೇ ಯಾಕೆ ಬಂದಿರಿ – ಒಂದೂವರೆ ನಿಮಿಷ ಸಾಕು. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿದ ಕಥೆಯನ್ನು ಕೆಲವರು ಉದ್ದಕ್ಕೆ ಹೇಳುತ್ತಾರೆ, ಕೆಲವರು ಊರಿನ ಹೆಸರನ್ನೇ ನುಂಗಿಕೊಳ್ಳುತ್ತಾರೆ. ಎರಡೂ ಬೇಡ. ಆದರೆ ಈ ಊರು ಕೊಟ್ಟ ಒಂದು ಆಸ್ತಿಯನ್ನು ಇಲ್ಲಿನವರು ಬಯೋಡೇಟಾದಲ್ಲಿ ಬರೆಯುವುದೇ ಇಲ್ಲ. ಮನೆಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ತೆಲುಗು ಇಲ್ಲವೇ ಉರ್ದು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್. ಆಸ್ಪತ್ರೆಯ ರಿಸೆಪ್ಶನ್‌ಗೋ ಬ್ಯಾಂಕಿನ ಕೌಂಟರಿಗೋ ಇಂಥವರಿಗಿಂತ ಯಾರು ಬೇಕು? ಅದನ್ನು ಮೊದಲ ಅರ್ಧ ನಿಮಿಷದಲ್ಲೇ ಹೇಳಿಬಿಡಿ.

‘ನಿಮ್ಮ ದೌರ್ಬಲ್ಯ ಏನು?’ ಇದಕ್ಕೆ ‘ನಾನು ವಿಪರೀತ ಶ್ರಮಪಡ್ತೀನಿ’ ಎನ್ನುವ ಉತ್ತರ ಹಳಸಿಹೋಗಿದೆ. ‘ಫೋನಿನಲ್ಲಿ ಯಾರಾದರೂ ವೇಗವಾಗಿ ಇಂಗ್ಲಿಷ್ ಮಾತಾಡಿದರೆ ತಡವರಿಸ್ತೀನಿ, ಅದಕ್ಕೆ ಬರೆದುಕೊಂಡು, ಒಂದು ಸಲ ಓದಿ ಹೇಳಿ, ಸರಿಯೇ ಎಂದು ಕೇಳ್ತೀನಿ’ ಎಂದರೆ ಕೊರತೆಯ ಜೊತೆಗೆ ಅದನ್ನು ನಿಭಾಯಿಸುವ ಬಗೆಯೂ ಕಾಣುತ್ತದೆ. ಐಟಿಐ ಮುಗಿಸಿ ಬೆಮೆಲ್‌ನಲ್ಲಿ ಅಪ್ರೆಂಟಿಸ್ ಆಗಿದ್ದವರು ‘ಟೀಮ್ ವರ್ಕ್ ಗೊತ್ತು’ ಎಂದು ನಿಲ್ಲಿಸದೆ, ಯಾವ ಯಂತ್ರದ ಮೇಲೆ ಕೈ ಪಳಗಿದೆ, ಕೆಲಸ ಕೆಟ್ಟ ದಿನ ಏನು ಮಾಡಿದಿರಿ ಎಂದು ಹೇಳಿ.

ಹೆಣ್ಣುಮಕ್ಕಳಿಗೆ ಇನ್ನೂ ‘ಮದುವೆ ಯಾವಾಗ?’ ಎಂದು ಕೇಳುವವರಿದ್ದಾರೆ. ನೇಮಕದಲ್ಲಿ ಹೆಣ್ಣು ಗಂಡೆಂಬ ಭೇದ ಸಲ್ಲದೆಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. ಹಾಗೆಂದು ಅಲ್ಲಿ ಕಾನೂನು ಪಾಠ ಮಾಡಲಾಗದು. ‘ಕೆಲಸದ ಸಮಯ, ಪಾಳಿ ನನಗೆ ಒಪ್ಪಿಗೆ’ ಎಂದಷ್ಟೇ ಹೇಳಿ ಮಾತು ತಿರುಗಿಸಬಹುದು.

ಅಂದಹಾಗೆ, ರೈಲ್ವೆಯ ಸಿ ಗುಂಪಿನ ಹುದ್ದೆಗೆ ಓದುತ್ತಿರುವವರಿಗೆ ಈ ತಯಾರಿಯೇ ಬೇಡ. ಕೇಂದ್ರ ಸರ್ಕಾರ 2016ರಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನ ಕೈಬಿಟ್ಟಿದೆ.

ಕೊನೆಗೆ ‘ನೀವೇನಾದರೂ ಕೇಳ್ತೀರಾ?’ ಎಂದಾಗ ಬಹುಪಾಲು ಜನ ‘ಇಲ್ಲ ಸಾರ್’ ಎಂದು ಎದ್ದುಬಿಡುತ್ತಾರೆ. ಕೋಲಾರ ಜಿಲ್ಲೆಯವರು ಹಾಗೆ ಏಳಬಾರದು. ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್‌ನಲ್ಲಿ ಸಂಬಳದ ತಕರಾರು ದೊಂಬಿಗೆ ತಿರುಗಿತು. ಅಲ್ಲಿ ದುಡಿಯುತ್ತಿದ್ದ ಬಹಳ ಮಂದಿ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಆದ್ದರಿಂದ ವಿನಯದಿಂದಲೇ ಕೇಳಿ: ನೇಮಕಾತಿ ಪತ್ರ ಕಂಪನಿಯದೋ ಏಜೆನ್ಸಿಯದೋ? ಕೈಗೆ ಬರುವ ಸಂಬಳ ಎಷ್ಟು, ಯಾವ ತಾರೀಖಿಗೆ? ಪಿ.ಎಫ್. ಯಾವ ತಿಂಗಳಿನಿಂದ? ಓವರ್‌ಟೈಮಿಗೆ ಕಾನೂನು ಹೇಳುವ ದುಪ್ಪಟ್ಟು ದರ ಸಿಗುತ್ತದೆಯೇ? ಬಂಗಾರಪೇಟೆಯವರೆಗೆ ಕಂಪನಿ ಬಸ್ಸು ಇದೆಯೇ?