ಒಡೆಯರಿಲ್ಲದ ವಾದ್ಯವೃಂದ

ಒಂದು ಪಿಟೀಲಿನ ಜಾಗದಲ್ಲಿ ಹತ್ತು ಪಿಟೀಲು ನುಡಿಸಿದರೆ ನಾದ ಹತ್ತು ಪಟ್ಟು ಜೋರಾಗಿ ಕೇಳುವುದಿಲ್ಲ. ನಮ್ಮ ಕಿವಿಗೆ ಅದು ಹೆಚ್ಚುಕಡಿಮೆ ಎರಡು ಪಟ್ಟು, ಅಷ್ಟೆ. ಸಂಭಾವನೆ ಮಾತ್ರ ಹತ್ತು ಪಟ್ಟು! ಸಿಂಫನಿ ವಾದ್ಯವೃಂದ ದುಬಾರಿಯಾಗಲು ಇದೂ ಒಂದು ಕಾರಣ. ಎಂಬತ್ತು ಮಂದಿ ವಾದಕರು, ಅವರ ಹಿಂದೆ ಗಾಯಕವೃಂದ, ಒಪೆರಾ ಆದರೆ ಪಾತ್ರಕ್ಕೊಬ್ಬ ಗಾಯಕ. ಇಷ್ಟು ಜನರನ್ನು ಸಾಕುವವರು ಯಾರು? ಯೂರೋಪಿನ ಅನೇಕ ಊರುಗಳಲ್ಲಿ ಸರ್ಕಾರವೋ ನಗರಸಭೆಯೋ ಈ ಭಾರ ಹೊರುತ್ತದೆ. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಕಥೆ ಬೇರೆ. ಅದರಲ್ಲಿ ಮೈಸೂರಿಗೂ ಪಾಲಿದೆ.

ಇದನ್ನು 1945ರಲ್ಲಿ ಕಟ್ಟಿದವರು ಇಎಂಐ ಕಂಪನಿಯ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್. ಅಕ್ಟೋಬರ್ 27ರ ಮೊದಲ ಕಛೇರಿಯನ್ನು ನಿರ್ದೇಶಿಸಿದ ಥಾಮಸ್ ಬೀಚಮ್ ಸಂಭಾವನೆಯಾಗಿ ಪಡೆದದ್ದು ಒಂದು ಚುಟ್ಟಾ ಎಂದು ಹೇಳುತ್ತಾರೆ. ಆದರೆ ವಾದಕರಿಗೆ ಚುಟ್ಟಾ ಕೊಟ್ಟರೆ ಆಗುತ್ತದೆಯೇ?

ಜಯಚಾಮರಾಜ ಒಡೆಯರನ್ನು ನಾವು ಕರ್ನಾಟಕ ಸಂಗೀತದ ಕೃತಿಕಾರರೆಂದು ಬಲ್ಲೆವು. ಅವರು ಪಾಶ್ಚಾತ್ಯ ಸಂಗೀತವನ್ನೂ ಅಷ್ಟೇ ಆಳವಾಗಿ ಅಭ್ಯಾಸ ಮಾಡಿದ್ದರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷರಾದರು. ರಷ್ಯಾದ ಮೆಟ್ನರ್ ರಚನೆಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಸಿದಾಗ, ನಷ್ಟವಾದರೆ ತುಂಬಿಕೊಡುವ ಹೊಣೆ ಹೊತ್ತವರು ಈ ಮಹಾರಾಜರೇ. ಹಾಡಿದವರು ಕಿರ್‌ಸ್ಟೆನ್ ಫ್ಲಾಗ್‌ಸ್ಟಾಡ್, ನಿರ್ದೇಶನ ಫುರ್ಟ್‌ವೆಂಗ್ಲರ್ ಅವರದು. ಒಡೆಯರು ಸಭೆಯಲ್ಲಿರಲಿಲ್ಲ, ಅವರಿಗಾಗಿ ಧ್ವನಿಮುದ್ರಿಸಿದರು. ಆ ಮುದ್ರಣ ಇಂದಿಗೂ ಸಿಗುತ್ತದೆ. ಗರಗರ ಸದ್ದು ಬಹಳ, ಆದರೂ ಕೇಳಬೇಕಾದದ್ದು.

ಸಂಸ್ಥಾನಗಳ ವಿಲೀನದ ತರುವಾಯದ ವರ್ಷಗಳಲ್ಲಿ ಮೈಸೂರಿನ ಆಶ್ರಯ ಉಳಿಯಲಿಲ್ಲ. 1964ರ ಮಾರ್ಚಿಯಲ್ಲಿ ಲೆಗ್ ಕೂಡ ವಾದ್ಯವೃಂದವನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ವಾರದೊಳಗೆ ವಾದಕರು ಸಭೆ ಸೇರಿ, ಇನ್ನು ನಮಗೆ ನಾವೇ ಯಜಮಾನರು ಎಂದು ತೀರ್ಮಾನಿಸಿದರು. ವಯೋವೃದ್ಧ ನಿರ್ದೇಶಕ ಆಟೊ ಕ್ಲೆಂಪರರ್ ಅವರ ಬೆಂಬಲಕ್ಕೆ ನಿಂತರು. ಅದೇ ಅಕ್ಟೋಬರ್ 27ರಂದು, ಮೊದಲ ಕಛೇರಿಗೆ ಸರಿಯಾಗಿ 19 ವರ್ಷ ತುಂಬಿದ ದಿನ, ಕ್ಲೆಂಪರರ್ ನಿರ್ದೇಶನದಲ್ಲಿ ಬೀಥೋವನ್‌ನ ಒಂಬತ್ತನೆಯ ಸಿಂಫನಿ ನುಡಿಯಿತು, ಗಾಯಕವೃಂದದ ಸಮೇತ. ಹಳೆಯ ಹೆಸರು ಕೈಗೆ ಬಂದದ್ದು ಮಾತ್ರ 1977ರಲ್ಲಿ. ಅಲ್ಲಿಯವರೆಗೆ 'ನ್ಯೂ ಫಿಲ್‌ಹಾರ್ಮೋನಿಯಾ' ಎಂದೇ ಇತ್ತು.

ಯಜಮಾನಿಕೆ ಅಷ್ಟು ಸುಲಭವಲ್ಲ. ಇಲ್ಲಿ ಸದಸ್ಯರಿಗೆ ತಿಂಗಳ ಸಂಬಳವಿಲ್ಲ. ತಾಲೀಮು, ಕಛೇರಿ, ಧ್ವನಿಮುದ್ರಣ ಎಂದು ಒಂದೊಂದಕ್ಕೂ ಲೆಕ್ಕ. ಹೊಸಬರು ತಿಂಗಳುಗಟ್ಟಲೆ ಜೊತೆಯಲ್ಲಿ ಕುಳಿತು ನುಡಿಸಬೇಕು. ಅಕ್ಕಪಕ್ಕದವರು ಒಪ್ಪಿದರೆ ಸ್ಥಾನ. ಸರ್ಕಾರದ ಅನುದಾನ ಇದೆ, ಆದರೆ ಅದೊಂದರಿಂದ ಖರ್ಚು ತೂಗುವುದಿಲ್ಲ. 2020ರಲ್ಲಿ ಸಭಾಂಗಣಗಳು ಮುಚ್ಚಿದಾಗ ಇಂಥ ವಾದಕರಿಗೆ ಬಿದ್ದ ಪೆಟ್ಟನ್ನು ನೀವು ಊಹಿಸಬಹುದು. ಸಿನಿಮಾ, ವಿಡಿಯೋ ಗೇಮ್‌ಗಳ ಸಂಗೀತಕ್ಕೂ ಇವರು ನುಡಿಸಿದ್ದಾರೆ. ಅದನ್ನು ಹಗುರವಾಗಿ ಕಾಣುವ ರಸಿಕರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಮಾಲರ್‌ನ ಸಿಂಫನಿಗೆ ಬೇಕಾದ ತಾಲೀಮಿನ ಖರ್ಚು ಎಲ್ಲಿಂದಲಾದರೂ ಹುಟ್ಟಬೇಕಷ್ಟೆ.