ಪದೇ ಪದೇ ಲಾಗ್ ಔಟ್ ಆಗುವ ಲ್ಯಾಪ್‌ಟಾಪ್: ಕಾರಣ ಮತ್ತು ಪರಿಹಾರ

ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಲ್ಯಾಪ್‌ಟಾಪ್ ಕೇವಲ ಬೋಧನೋಪಕರಣವಲ್ಲ. ಅಚ್ಚಿನಲ್ಲಿ ದೊರೆಯದ ಪೂರಕ ಪಾಠಗಳು, ಶಿಕ್ಷಕರೇ ಕನ್ನಡದಲ್ಲಿ ಟೈಪಿಸಿದ ಪ್ರಶ್ನಪತ್ರಿಕೆಗಳು, ಮಕ್ಕಳ ಬರಹಗಳು ಅನೇಕ ವೇಳೆ ಅದರಲ್ಲಿ ಮಾತ್ರವೇ ಇರುತ್ತವೆ. ಆದುದರಿಂದ ಲ್ಯಾಪ್‌ಟಾಪ್ ಬಳಕೆದಾರರನ್ನು ಮತ್ತೆ ಮತ್ತೆ ಹೊರಹಾಕತೊಡಗಿದಾಗ ‘ಫಾರ್ಮ್ಯಾಟ್ ಮಾಡಿಸೋಣ’ ಎಂಬ ಅವಸರದ ತೀರ್ಮಾನಕ್ಕೆ ಬರುವುದು ಅಪಾಯಕರ. ಹೆಚ್ಚಿನ ಪ್ರಸಂಗಗಳಲ್ಲಿ ದೋಷ ಸಣ್ಣದಾಗಿರುತ್ತದೆ. ಅದನ್ನು ಗುರುತಿಸುವ ಕ್ರಮ ತಿಳಿದಿರಬೇಕು.

1. ಮೊದಲು ಲಕ್ಷಣವನ್ನು ಗುರುತಿಸುವುದು

‘ಲಾಗ್ ಔಟ್ ಆಗುತ್ತದೆ’ ಎಂಬ ಒಂದೇ ಮಾತಿನಡಿ ಐದು ಬೇರೆ ಬೇರೆ ಸ್ಥಿತಿಗಳು ಅಡಗಿವೆ.

ಅ) ಪಾಸ್‌ವರ್ಡ್ ಕೊಟ್ಟ ಕೂಡಲೇ ತೆರೆದಿಟ್ಟ ಕಡತಗಳು ಹಾಗೆಯೇ ಕಂಡರೆ ಅದು ಲಾಗ್ ಔಟ್ ಅಲ್ಲ, ಪರದೆಗೆ ಬಿದ್ದ ಬೀಗ.
ಆ) ತಯಾರಕರ ಲಾಂಛನ ಮೂಡಿ ಯಂತ್ರ ಮೊದಲಿನಿಂದ ಆರಂಭವಾದರೆ ಅದು ರೀಸ್ಟಾರ್ಟ್.
ಇ) ಪಾಸ್‌ವರ್ಡ್ ತಪ್ಪಾಗಿದೆ ಎಂಬ ಸೂಚನೆ ಬಂದರೆ ಪ್ರವೇಶವೇ ಆಗಿಲ್ಲ.
ಈ) ಪಾಸ್‌ವರ್ಡ್ ಸ್ವೀಕೃತವಾಗಿ ಕ್ಷಣಕಾಲ ಪರದೆ ಕಪ್ಪಾಗಿ ಮತ್ತೆ ಪ್ರವೇಶದ ಪುಟವೇ ಬಂದರೆ, ಅಥವಾ ಕೆಲಸದ ನಡುವೆ ಎಲ್ಲ ಕಿಟಕಿಗಳೂ ಮುಚ್ಚಿಹೋದರೆ ಅದು ನಿಜವಾದ ಲಾಗ್ ಔಟ್.
ಉ) ಜಾಲತಾಣ ಮಾತ್ರ ಹೊರಹಾಕುತ್ತಿದ್ದರೆ ದೋಷ ಬ್ರೌಸರಿನದು ಅಥವಾ ತಾಣದ್ದು.

2. ಸುಲಭವಾಗಿ ಸರಿಪಡಿಸಬಹುದಾದವು

ಬೀಗದ ತೊಂದರೆಗೆ ಸೆಟ್ಟಿಂಗ್ಸ್‌ನಲ್ಲಿ ಪರದೆ ಆರುವ ಅವಧಿಯನ್ನು ಹೆಚ್ಚಿಸಿದರೆ ಸಾಕು. ಉಬುಂಟುವಿನಲ್ಲಿ ಇದು ಸಾಮಾನ್ಯವಾಗಿ 5 ನಿಮಿಷಗಳಿರುತ್ತದೆ. ಪಾಠ ವಿವರಿಸುತ್ತ ನಿಂತ ಶಿಕ್ಷಕರಿಗೆ ಅದು ಕಡಿಮೆಯೇ.

ರೀಸ್ಟಾರ್ಟ್ ಆಗುವ ಯಂತ್ರದಲ್ಲಿ ಗಾಳಿಯ ಕಿಂಡಿಗಳಿಗೆ ಧೂಳು ಕಟ್ಟಿದೆಯೇ, ಚಾರ್ಜರಿನ ಜೋಡಣೆ ಸಡಿಲವಾಗಿದೆಯೇ, ಬ್ಯಾಟರಿ ಉಬ್ಬಿದೆಯೇ ಎಂಬುದನ್ನು ನೋಡಬೇಕು. ಉಬ್ಬಿದ ಬ್ಯಾಟರಿಯ ಲ್ಯಾಪ್‌ಟಾಪನ್ನು ಮಕ್ಕಳ ಕೈಗೆ ಕೊಡಕೂಡದು. ಕೂಡಲೇ ಬಳಕೆ ನಿಲ್ಲಿಸಬೇಕು.

ಪಾಸ್‌ವರ್ಡ್ ತಿರಸ್ಕೃತವಾಗುವುದು ಗಡಿನಾಡಿನ ಶಾಲೆಗಳಿಗೆ ಸಹಜವಾದ ತೊಡಕು. ಒಂದೇ ಯಂತ್ರದಲ್ಲಿ ಕನ್ನಡ, ರಾಜ್ಯಭಾಷೆ ಮತ್ತು ಇಂಗ್ಲಿಷ್ ಕೀಲಿಮಣೆ ವಿನ್ಯಾಸಗಳಿರುತ್ತವೆ. ಹಿಂದೆ ಬಳಸಿದವರು ಮಲಯಾಳವನ್ನೋ ಮರಾಠಿಯನ್ನೋ ಆರಿಸಿಟ್ಟಿದ್ದರೆ ಪಾಸ್‌ವರ್ಡಿನ ಅಕ್ಷರಗಳು ಆ ಲಿಪಿಯಲ್ಲಿ ದಾಖಲಾಗುತ್ತವೆ. ಪರದೆಯಲ್ಲಿ ಚುಕ್ಕೆಗಳಷ್ಟೇ ಕಾಣುವುದರಿಂದ ತಪ್ಪು ಗೊತ್ತಾಗುವುದಿಲ್ಲ. ಪ್ರವೇಶದ ಪುಟದ ಮೂಲೆಯಲ್ಲಿ ಭಾಷೆಯ ಸಂಕೇತವನ್ನು ನೋಡಿ, ವಿಂಡೋಸ್ ಕೀಲಿಯೊಂದಿಗೆ ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬದಲಿಸಬೇಕು. ಉಬುಂಟು, ವಿಂಡೋಸ್ ಎರಡರಲ್ಲೂ ಇದೇ ಕ್ರಮ.

3. ಪಾಸ್‌ವರ್ಡ್ ಒಪ್ಪಿಯೂ ಹೊರಹಾಕಿದಾಗ

ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆ ಒದಗಿಸುವ ಉಬುಂಟು ಆಧಾರಿತ ಸ್ವತಂತ್ರ ತಂತ್ರಾಂಶ ಬಳಕೆಯಲ್ಲಿದೆ. ಇಂತಹ ಯಂತ್ರಗಳಲ್ಲಿ ಈ ದೋಷದ ಮುಖ್ಯ ಕಾರಣಗಳಲ್ಲೊಂದು ಡಿಸ್ಕ್ ತುಂಬಿರುವುದು. ಬಳಕೆದಾರರು ಒಳಬರುವಾಗ ವ್ಯವಸ್ಥೆಯು ಕೆಲವು ಸಣ್ಣ ಕಡತಗಳನ್ನು ಬರೆದುಕೊಳ್ಳಬೇಕು. ಬರೆಯಲು ಜಾಗವಿಲ್ಲದಿದ್ದರೆ ಆರಂಭಿಸಿದ ಕೆಲಸವನ್ನು ಕೈಬಿಟ್ಟು ಪ್ರವೇಶದ ಪುಟಕ್ಕೇ ಮರಳುತ್ತದೆ.

ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಕ್ಷರಗಳಷ್ಟೇ ಇರುವ ಕಪ್ಪು ಪರದೆ ಬರುತ್ತದೆ. ಅಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟು, ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಡಿ, ಎಫ್ ಬರೆದು, ಒಂದು ಸ್ಥಳ ಬಿಟ್ಟು, ಕಿರುಗೆರೆ ಮತ್ತು ಎಚ್ ಬರೆದು ಎಂಟರ್ ಒತ್ತಬೇಕು. ಓರೆಗೆರೆ ಮಾತ್ರವಿರುವ ಅಥವಾ ‘ಹೋಮ್’ ಎಂದಿರುವ ಸಾಲಿನಲ್ಲಿ 100 ಶೇಕಡಾ ಎಂದಿದ್ದರೆ ಕಾರಣ ದೊರೆತಂತೆ. ಬೇರೊಂದು ಖಾತೆ ತೆರೆಯುವುದಾದರೆ ಅದರ ಮೂಲಕ ಅನಗತ್ಯ ವೀಡಿಯೊಗಳನ್ನು ಅಳಿಸಿ ಕಸದ ಬುಟ್ಟಿಯನ್ನೂ ಬರಿದು ಮಾಡಬೇಕು. ಬುಟ್ಟಿಯಲ್ಲಿ ಉಳಿದದ್ದು ಜಾಗವನ್ನು ಬಿಟ್ಟುಕೊಡುವುದಿಲ್ಲ.

ಡಿಸ್ಕಿನಲ್ಲಿ ಜಾಗವಿದ್ದರೆ ಎರಡನೆಯ ಖಾತೆಯೇ ಒಳ್ಳೆಯ ಪರೀಕ್ಷೆ. ಅದು ಸರಿಯಾಗಿ ತೆರೆದರೆ ದೋಷ ಮೊದಲ ಖಾತೆಯ ಕಡತಗಳಲ್ಲಿದೆ. ಆಡಳಿತಗಾರರ ಅಧಿಕಾರ ಬಳಸಿ ತಂತ್ರಾಂಶಗಳನ್ನು ನಡೆಸಿದಾಗ ‘ಎಕ್ಸ್‌ಅಥಾರಿಟಿ’ ಎಂಬ ಗುಪ್ತ ಕಡತದ ಒಡೆತನ ಬದಲಾಗುವುದುಂಟು. ತಂತ್ರಜ್ಞರು ಅದನ್ನು ನಿಮಿಷಗಳಲ್ಲಿ ಸರಿಪಡಿಸಬಲ್ಲರು. ಎರಡೂ ಖಾತೆಗಳು ತೆರೆಯದಿದ್ದರೆ ಚಿತ್ರಫಲಕದ ಚಾಲಕ ತಂತ್ರಾಂಶವನ್ನು ಶಂಕಿಸಬೇಕು. ಆಗ ಪ್ರವೇಶದ ಪುಟದ ಹಲ್ಲುಚಕ್ರದ ಗುರುತನ್ನು ಒತ್ತಿ ‘ಎಕ್ಸ್‌ಆರ್ಗ್’ ಎಂಬ ಆಯ್ಕೆಯಿದ್ದರೆ ಅದನ್ನು ಪ್ರಯತ್ನಿಸಬಹುದು.

ಕೆಲಸದ ನಡುವೆಯೇ ಹೊರಬೀಳುವುದಾದರೆ ಸ್ಮೃತಿ, ಅಂದರೆ ರ‍್ಯಾಮ್, ಸಾಲದಿರಬಹುದು. 4 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ವೀಡಿಯೊ, ಜಿಯೋಜಿಬ್ರಾ ಮತ್ತು ಬ್ರೌಸರಿನ ಹತ್ತಾರು ಪುಟಗಳನ್ನು ಏಕಕಾಲಕ್ಕೆ ತೆರೆದಿಡಬಾರದು.

ವಿಂಡೋಸ್ ಯಂತ್ರದಲ್ಲಿ ಒಂದು ಎಚ್ಚರ ಅಗತ್ಯ. ಖಾತೆಯ ಕಡತಗಳು ಕೆಟ್ಟಾಗ ಅದು ‘ತಾತ್ಕಾಲಿಕ ಪ್ರೊಫೈಲ್’ ಒಂದನ್ನು ತೆರೆಯುತ್ತದೆ. ಹಳೆಯ ಕಡತಗಳಾವುವೂ ಅಲ್ಲಿ ಕಾಣುವುದಿಲ್ಲ. ಅಲ್ಲಿ ಹೊಸದಾಗಿ ಉಳಿಸಿದ್ದೆಲ್ಲ ಹೊರಬಂದೊಡನೆ ಅಳಿದುಹೋಗುತ್ತದೆ.

4. ಜಾಲತಾಣವಷ್ಟೇ ಹೊರಹಾಕಿದಾಗ

ಬಳಕೆಯಿಲ್ಲದೆ ಸ್ವಲ್ಪ ಹೊತ್ತು ಬಿಟ್ಟರೆ ಅನೇಕ ಇಲಾಖಾ ತಾಣಗಳು ಸುರಕ್ಷತೆಗಾಗಿ ತಾವೇ ಮುಚ್ಚಿಕೊಳ್ಳುತ್ತವೆ. ದೀರ್ಘ ವಿವರಗಳನ್ನು ಮೊದಲು ಬೇರೆ ಕಡತದಲ್ಲಿ ಸಿದ್ಧಪಡಿಸಿ ಅನಂತರ ತುಂಬುವುದು ಲೇಸು. ಬ್ರೌಸರ್ ಕುಕಿಗಳನ್ನು ಅಳಿಸುವಂತೆ ಹೊಂದಿಸಿದೆಯೇ ಎಂಬುದನ್ನೂ ಪರಿಶೀಲಿಸಬೇಕು. ದಿನಾಂಕ ಹಳೆಯ ವರ್ಷಕ್ಕೆ ಜಾರಿದ್ದರೆ ಸುರಕ್ಷಿತ ತಾಣಗಳು ತೆರೆಯುವುದಿಲ್ಲ. ಸರಿಪಡಿಸಿದರೂ ಮತ್ತೆ ಜಾರಿದರೆ ಗಡಿಯಾರಕ್ಕೆ ಆಧಾರವಾದ ಒಳಗಿನ ಸಣ್ಣ ಬ್ಯಾಟರಿ ಮುಗಿದಿರಬಹುದು.

5. ತಂತ್ರಜ್ಞರಿಗೆ ಒಪ್ಪಿಸುವಾಗ

ಪರದೆಯ ಸಂದೇಶವನ್ನು ಫೋನಿನಲ್ಲಿ ಚಿತ್ರ ತೆಗೆದಿಡಬೇಕು. ಯಾವ ಖಾತೆ, ಯಾವ ಹಂತ, ಯಾವ ದಿನದಿಂದ ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ‘ಮೊದಲು ಹೋಮ್ ಫೋಲ್ಡರಿನ ಪ್ರತಿ, ಅನಂತರವೇ ಮರುಸ್ಥಾಪನೆ’ ಎಂದು ಸ್ಪಷ್ಟವಾಗಿ ತಿಳಿಸಬೇಕು. ಖಾತೆ ತೆರೆಯದಿದ್ದರೂ ಕಡತಗಳು ಡಿಸ್ಕಿನಲ್ಲಿ ಸಾಮಾನ್ಯವಾಗಿ ಕ್ಷೇಮವಾಗಿಯೇ ಇರುತ್ತವೆ; ಪೆನ್‌ಡ್ರೈವಿನಿಂದ ಉಬುಂಟುವನ್ನು ಆರಂಭಿಸಿ ಅವುಗಳನ್ನು ಹೊರತೆಗೆಯಬಹುದು. ಫಾರ್ಮ್ಯಾಟ್ ಆದ ಯಂತ್ರಕ್ಕೆ ತಂತ್ರಾಂಶವನ್ನು ಮತ್ತೆ ಹಾಕಬಹುದು, ಆದರೆ ಮಕ್ಕಳು ಕನ್ನಡದಲ್ಲಿ ಬರೆದದ್ದನ್ನು ಮತ್ತೆ ಬರೆಯಿಸಲಾಗದು. ವಾರಕ್ಕೊಮ್ಮೆ ಶಾಲೆಯ ಕಡತಗಳ ಪ್ರತಿಯೊಂದನ್ನು ಬೇರೆಡೆ ಇಡುವುದು ಪ್ರತಿ ಕನ್ನಡ ವಿಭಾಗದ ರೂಢಿಯಾಗಬೇಕು.