ಮನೆಗೆ ಪರಿಚಾರಕರನ್ನು ಕರೆಸುವ ಮುನ್ನ

ಗೋಕಾಕ ಫಾಲ್ಸ್ ಗಿರಣಿಯನ್ನು ನೆಚ್ಚಿ ಬೆಳೆದ ಊರು. ಪಾಳಿಗಳಲ್ಲಿ ದುಡಿದು ನಿವೃತ್ತರಾದ ಹಿರಿಯರು ಇಲ್ಲಿಯೇ ಉಳಿದಿದ್ದಾರೆ. ಮಕ್ಕಳು ಪುಣೆ, ಬೆಂಗಳೂರುಗಳಲ್ಲಿ ನೆಲೆಸಿದ್ದಾರೆ. ಹಿರಿಯರು ಹಾಸಿಗೆ ಹಿಡಿದಾಗ ಸಂಬಳದ ಪರಿಚಾರಕರನ್ನು ಕಳುಹಿಸುವ ಸಂಸ್ಥೆಗಳ ಮೊರೆ ಹೋಗುವುದು ಈಗ ಅನಿವಾರ್ಯವಾಗಿದೆ.

ಪಕ್ಷಾಘಾತಕ್ಕೊಳಗಾದ ಹಿರಿಯರೊಬ್ಬರಿಗೆ ಅವರ ಮಗ ದೂರವಾಣಿಯಲ್ಲಿಯೇ ಇಂಥ ವ್ಯವಸ್ಥೆ ಮಾಡಿದ್ದರು. ಬಂದ ತರುಣ ವಿನಯವಂತ. ಊಟ, ಔಷಧ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದ. ಹನ್ನೆರಡನೆಯ ದಿನ ನಾವು ನೋಡಲು ಹೋದಾಗ ಸೊಂಟದ ಕೆಳಗೆ ಹಾಸಿಗೆ ಹುಣ್ಣಾಗಿತ್ತು. ರೋಗಿಯನ್ನು ಮಗ್ಗುಲು ಬದಲಿಸಬೇಕೆಂಬುದನ್ನು ಆತನಿಗೆ ಯಾರೂ ಕಲಿಸಿರಲಿಲ್ಲ. ಹುಣ್ಣು ಮಾಯಲು ಮೂರು ತಿಂಗಳು ಹಿಡಿಯಿತು. ಏನನ್ನು ವಿಚಾರಿಸಬೇಕೆಂದು ಮನೆಯವರಿಗೆ ಮೊದಲೇ ತಿಳಿಸದಿದ್ದುದು ನಮ್ಮ ತಪ್ಪೂ ಹೌದು.

ಚರಕಸಂಹಿತೆಯು ವೈದ್ಯ, ಔಷಧ, ಪರಿಚಾರಕ, ರೋಗಿ ಇವರನ್ನು ಚಿಕಿತ್ಸೆಯ ನಾಲ್ಕು ಪಾದಗಳೆನ್ನುತ್ತದೆ. ಪರಿಚಾರಕನಿಗೂ ನಾಲ್ಕು ಗುಣಗಳನ್ನು ವಿಧಿಸುತ್ತದೆ. ಇಂದಿನ ಆಯ್ಕೆಗೂ ಅವೇ ಒರೆಗಲ್ಲು.

ಉಪಚಾರಜ್ಞತೆ: ಮೂತ್ರನಳಿಕೆ, ಮೂಗಿನ ನಳಿಕೆ, ಇಂಜೆಕ್ಷನ್‌ಗಳಿದ್ದರೆ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿತರಾದ ನರ್ಸ್ ಬೇಕು, ನೋಂದಣಿ ಸಂಖ್ಯೆಯನ್ನು ಕೇಳಿರಿ. ಸ್ನಾನ, ಊಟ, ಶೌಚಕ್ಕಾದರೆ ತರಬೇತಿ ಪಡೆದ ಸಹಾಯಕರು ಸಾಕು. ಮಗ್ಗುಲು ಬದಲಿಸುವುದನ್ನು ಮಾಡಿ ತೋರಿಸಲು ಹೇಳಿರಿ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಬದಲಿಸಬೇಕು, ಕುಳ್ಳಿರಿಸಿ ಉಣಿಸಬೇಕು. ಕೆಂಪಾದ ಚರ್ಮದ ಮೇಲೆ ಎಣ್ಣೆ ತಿಕ್ಕಬಾರದೆಂದು ಆಯುರ್ವೇದ ವೈದ್ಯರಾದ ನಾವೇ ಹೇಳುತ್ತೇವೆ.

ದಾಕ್ಷ್ಯ: ಪರಿಚಾರಕರು ರಜೆ ಹೋದರೆ, ಕೆಲಸ ಬಿಟ್ಟರೆ ಬದಲಿಗೆ ಯಾರು, ಎಷ್ಟು ಹೊತ್ತಿನಲ್ಲಿ ಬರುವರು? ಸಂಸ್ಥೆ ಬೆಳಗಾವಿಯಲ್ಲಿದ್ದರೆ ದಾರಿಯೇ ಸುಮಾರು 60 ಕಿ.ಮೀ. ಉತ್ತರವು ಕರಾರು ಪತ್ರದಲ್ಲಿ ಬರೆಹದಲ್ಲಿರಲಿ.

ಅನುರಾಗ: ರೋಗಿಯ ಒಪ್ಪಿಗೆಯನ್ನು ಮೊದಲು ಪಡೆಯಿರಿ. ಅವರ ಭಾಷೆ ಬಲ್ಲವರನ್ನೇ ಕೇಳಿರಿ. ತಾಯಂದಿರ ಸೇವೆಗೆ ಮಹಿಳೆಯರೇ ಇರಲಿ. ಒಂದು ವಾರ ಮನೆಯವರೊಬ್ಬರು ಜೊತೆಗಿದ್ದು ನೋಡಿರಿ. ನೀವು ಕೊಡುವ ಹಣದಲ್ಲಿ ದುಡಿಯುವವರ ಕೈಗೆ ಸೇರುವುದೆಷ್ಟೆಂದೂ ವಿಚಾರಿಸಿರಿ. ಇಪ್ಪತ್ತನಾಲ್ಕು ತಾಸೂ ಎಚ್ಚರವಿರಲು ಯಾರಿಂದಲೂ ಆಗದು. ನಿದ್ದೆಗೆಟ್ಟವರ ಕೈಯಲ್ಲಿ ರೋಗಿ ಸುರಕ್ಷಿತನಲ್ಲ.

ಶೌಚ: ಕೈ ತೊಳೆಯುವ ಅಭ್ಯಾಸವನ್ನು ಗಮನಿಸಿರಿ. ವ್ಯವಹಾರದ ಶುದ್ಧಿಯೂ ಇದರಲ್ಲಿಯೇ ಅಡಗಿದೆ: ಗುರುತಿನ ಪತ್ರದ ಪ್ರತಿ, ಪೊಲೀಸ್ ಪರಿಶೀಲನೆ, ಪ್ರತಿ ಪಾವತಿಗೂ ರಸೀದಿ ಇರಲಿ. ಎ.ಟಿ.ಎಂ. ಕಾರ್ಡನ್ನು ಯಾರ ಕೈಗೂ ಕೊಡಬೇಡಿರಿ.

ಔಷಧ, ಆಹಾರ, ಮಲಮೂತ್ರ, ಮಗ್ಗುಲು ಬದಲಿಸಿದ ಹೊತ್ತು ಇವನ್ನು ಒಂದು ವಹಿಯಲ್ಲಿ ಬರೆಯಿಸಿರಿ. ಹಿರಿಯರಿಗೆ ಕಿರುಕುಳವಾದರೆ ಅಥವಾ ಮಾರ್ಗದರ್ಶನ ಬೇಕಾದರೆ 14567 ಉಚಿತ ಸಹಾಯವಾಣಿ ಇದೆ.

ಆ ತರುಣನನ್ನು ಮಗ ಬಿಡಿಸಲಿಲ್ಲ. ನಾವೇ ಅವನಿಗೆ ಕಲಿಸಿದೆವು. ಈಗ ಮಗ ಪ್ರತಿ ಸಂಜೆ ಪುಣೆಯಿಂದ ಕರೆ ಮಾಡಿದಾಗ ಊಟದ ಮಾತಿಗೂ ಮೊದಲು ಕೇಳುವುದು, “ಅಪ್ಪನ ಬೆನ್ನು ನೋಡಿದೆಯಾ?” ಎಂದು.